ಶಾಲೆಗೆ ಗಡಿಯಾರ ಸಾಕು, ಅಡುಗೆ ಅಕ್ಕನಿಗೊಂದು ಏಪ್ರನ್ ಹೊಲಿಯೋಣ

ಮಾರ್ಚ್ ಬಂತೆಂದರೆ ನಮ್ಮ ಕೊಪ್ಪಳ ಕಡೆಯ ಶಾಲೆಗಳಲ್ಲಿ ಬೀಳ್ಕೊಡುಗೆ ಸಮಾರಂಭಗಳು ಶುರು. ಶಾಲೆ ಬಿಟ್ಟು ಹೋಗುವ ಮಕ್ಕಳು ತಲಾ ಐವತ್ತೋ ನೂರೋ ಪಟ್ಟಿ ಹಾಕಿ ಶಾಲೆಗೆ ಏನಾದರೂ ಕಾಣಿಕೆ ಕೊಡುತ್ತಾರೆ. ಹೆಚ್ಚಾಗಿ ಅದು ಗೋಡೆ ಗಡಿಯಾರ. ನಾವು ವರದಿಗೆ ಹೋದ ಒಂದು ಶಾಲೆಯ ಹೆಡ್‌ಮಾಸ್ತರ ಕೋಣೆಯಲ್ಲಿ ಆರು ಗಡಿಯಾರ ಎಣಿಸಿದ್ದೇವೆ. ಆರೂ ಬೇರೆ ಬೇರೆ ಹೊತ್ತು ತೋರಿಸುತ್ತಿದ್ದವು. ಎರಡಕ್ಕೆ ಸೆಲ್ಲೇ ಇರಲಿಲ್ಲ.

ಗಡಿಯಾರ ಆಯಿತು, ಆಮೇಲೆ ಮಾಸ್ತರಿಗೆ, ಅಕ್ಕೋರಿಗೆ ಶಾಲು, ಹಾರ. ಎಸ್‌ಡಿಎಂಸಿ ಅಧ್ಯಕ್ಷರಿಗೆ ಶಾಲು, ಹಾರ. ಸದಸ್ಯರಿಗೆಲ್ಲ ಶಾಲು. ನಮ್ಮಂಥ ಪೇಪರ್‌ನವರಿಗೂ ಒಂದು ಶಾಲು ಬರುತ್ತದೆ. ಮನೆಯಲ್ಲಿ ಹನ್ನೊಂದು ಇವೆ. ಇದೆಲ್ಲ ನಡೆಯುವಾಗ ಶಾಲೆಯ ಹಿಂದಿನ ಅಡುಗೆ ಕೋಣೆಯಲ್ಲಿ ಮೂವರು ಹೆಂಗಸರು ಅಂದಿನ ವಿಶೇಷಕ್ಕೆ ಕೇಸರಿಬಾತು ತಿರುವುತ್ತಿರುತ್ತಾರೆ. ವೇದಿಕೆಯ ಮೇಲೆ ಯಾರಾದರೂ ಅವರ ಹೆಸರು ಕರೆದದ್ದನ್ನು ನಾವು ಹತ್ತು ವರ್ಷದಲ್ಲಿ ಎರಡು ಸಲ ಕೇಳಿದ್ದೇವೆ.

ಈ ವರ್ಷ ಪಟ್ಟಿ ಹಾಕುವ ಮಕ್ಕಳಿಗೆ, ಅವರ ಅಪ್ಪ-ಅವ್ವಂದಿರಿಗೆ, ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನವರಿಗೆ ನಮ್ಮದೊಂದು ಮಾತು. ಗಡಿಯಾರ ಬಿಡಿ. ನಿಮ್ಮೂರ ಬಿಸಿಯೂಟದ ಅಕ್ಕಂದಿರಿಗೆ ಒಂದೊಂದು ಏಪ್ರನ್ ಹೊಲಿದು ಕೊಡಿ. ಅಂಗಡಿಯಿಂದ ತಂದು ಕೊಡಬೇಡಿ, ಹೊಲಿದೇ ಕೊಡಿ. ಯಾಕೆಂದು ಮುಂದೆ ಹೇಳುತ್ತೇವೆ.

ಮೊದಲು ಹೋದ ವರ್ಷದ ಒಂದು ಸಂಗತಿ. ನಮ್ಮ ತಾಲ್ಲೂಕಿನ ಒಂದು ಶಾಲೆ, ಹೆಸರು ಬೇಡ. ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ಅನ್ನ ಬಸಿಯುವಾಗ ಡಬರಿ ಜಾರಿ, ಕುದಿಯುವ ಗಂಜಿ ಅಡುಗೆ ಅಕ್ಕನ ಸೊಂಟದಿಂದ ಮೊಣಕಾಲಿನವರೆಗೆ ಬಿತ್ತು. ಉಟ್ಟಿದ್ದು ತೆಳು ಪಾಲಿಯೆಸ್ಟರ್ ಸೀರೆ. ಗಂಜಿ ನೀರಿನ ಹಾಗೆ ಹರಿದು ಹೋಗುವುದಿಲ್ಲ, ಅಂಟಿಕೊಂಡು ಕೂಡುತ್ತದೆ. ಯಾರೋ ಟೂತ್‌ಪೇಸ್ಟ್ ತಂದು ಹಚ್ಚಿದರು. ಆಸ್ಪತ್ರೆಯಲ್ಲಿ ಮೊದಲು ಅದನ್ನು ತೊಳೆಯಬೇಕಾಯಿತು. ನಾವು ಸುದ್ದಿ ಬರೆದು ಕಳಿಸಿದೆವು. ಪುಟದಲ್ಲಿ ಜಾಗ ಇರಲಿಲ್ಲವೆಂದು ಮೂರು ಸಾಲಿಗೆ ಇಳಿದು, "ಅಡುಗೆ ಸಹಾಯಕಿಗೆ ಗಾಯ" ಎಂದು ಒಳಪುಟದ ಮೂಲೆಯಲ್ಲಿ ಬಂತು. ಆ ಅಕ್ಕ ಎರಡು ತಿಂಗಳು ಕೆಲಸಕ್ಕೆ ಹೋಗಲಾಗಲಿಲ್ಲ.

ನಾವು ಆಕೆಯ ಮನೆಗೆ ಮಾತಾಡಿಸಲು ಹೋದಾಗ ಕೇಳಿದೆವು, ಶಾಲೆಯಲ್ಲಿ ಏಪ್ರನ್ ಇರಲಿಲ್ಲವೇನು ಅಂತ.

"ಐತ್ರಿ. ಬೀರುವಿನಾಗ ಐತಿ. ಸಾಹೇಬ್ರು ಬಂದಾಗ ಹಾಕ್ಕೋತೀವಿ."

ಈ ಮಾತು ನಮಗೆ ಹೊಸದಾಗಿರಲಿಲ್ಲ, ಆದರೆ ಯಾಕೆ ಹಾಗೆ ಎಂದು ಅಲ್ಲಿಯವರೆಗೆ ಕೇಳಿರಲಿಲ್ಲ. ನಿಯಮವಂತೂ ಇದೆ. ಶಾಲಾ ಅಡುಗೆ ಕೋಣೆಗಳ ಸ್ವಚ್ಛತೆ, ಸುರಕ್ಷತೆ ಬಗ್ಗೆ ಕೇಂದ್ರ ಸರ್ಕಾರ 2015ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಅಡುಗೆಯವರು ಏಪ್ರನ್ ತೊಡಬೇಕು, ತಲೆ ಮುಚ್ಚಿಕೊಳ್ಳಬೇಕು, ಮಕ್ಕಳಿಗೆ ಬಡಿಸುವ ಮುಂಚೆ ಶಿಕ್ಷಕರು ರುಚಿ ನೋಡಬೇಕು, ಹೀಗೆ. ಆ ಅಕ್ಕ ಮಗಳನ್ನು ಶಾಲೆಗೆ ಕಳಿಸಿ ಏಪ್ರನ್ ತರಿಸಿ ತೋರಿಸಿದಳು. ಮುಟ್ಟಿದರೆ ಜಾರುವ ಬಟ್ಟೆ. ಎದೆಯ ಮೇಲೆ ಅಂಗೈ ಅಗಲದ ಚಿತ್ರ, ಕೆಳಗೆ ದಾನಿಗಳ ಹೆಸರು. ಕುತ್ತಿಗೆಯ ಪಟ್ಟಿ ಎಷ್ಟು ಉದ್ದವಿತ್ತೆಂದರೆ ಎದೆ ಬಿಟ್ಟು ಹೊಟ್ಟೆಗೆ ಇಳಿಯುತ್ತಿತ್ತು. ಸೊಂಟದ ಕಸಿ ಹಿಂದೆ ಕಟ್ಟಲು ಎಟಕುತ್ತಿರಲಿಲ್ಲ. ಎಲ್ಲರಿಗೂ ಒಂದೇ ಅಳತೆ. ಈ ಅಕ್ಕ ದಪ್ಪಗಿದ್ದಾಳೆ, ಜೊತೆಯ ಸಹಾಯಕಿ ಕಡ್ಡಿ. ಇಬ್ಬರಿಗೂ ಹೊಂದಲಿಲ್ಲ. ಬೀರುವಿಗೆ ಮಾತ್ರ ಸರಿಯಾಗಿ ಹೊಂದಿತ್ತು.

ನಮ್ಮೂರ ಗುಡಿಯ ಫ್ಯಾನಿನ ಮೂರೂ ರೆಕ್ಕೆಯ ಮೇಲೆ ದಾನಿಗಳ ಹೆಸರಿದೆ, ತಿರುಗುವಾಗ ಯಾರದೂ ಕಾಣುವುದಿಲ್ಲ. ಅದನ್ನು ಕ್ಷಮಿಸಬಹುದು, ಗಾಳಿಯಾದರೂ ಬರುತ್ತದೆ. ಒಲೆಯ ಮುಂದೆ ನಿಲ್ಲುವವಳ ಎದೆಗೆ ಕರಗುವ ಬಟ್ಟೆ ಕಟ್ಟಿ ಅದರ ಮೇಲೆ ಹೆಸರು ಅಚ್ಚು ಹಾಕಿಸುವುದನ್ನು ಕ್ಷಮಿಸುವುದು ಕಷ್ಟ. ಪಾಲಿಯೆಸ್ಟರ್, ನೈಲಾನ್ ಬಟ್ಟೆಗೆ ಉರಿ ತಾಗಿದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಹತ್ತಿ ಬಟ್ಟೆಗೂ ಬೆಂಕಿ ಹತ್ತುತ್ತದೆ, ಸುಳ್ಳು ಹೇಳುವುದಿಲ್ಲ, ಆದರೆ ಅದು ಕರಗಿ ಮೈಗೆ ಹತ್ತಿಕೊಳ್ಳುವುದಿಲ್ಲ.

ಬಿಸಿಯೂಟದ ಕೆಲಸ ಎಷ್ಟು ಭಾರ ಎಂದು ಊಟ ಮಾಡಿದ ಮಕ್ಕಳಿಗೂ ಗೊತ್ತಿರುವುದಿಲ್ಲ. ಲೆಕ್ಕ ಹಾಕಿ ನೋಡೋಣ. ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, ಆರರಿಂದ ಎಂಟನೆಯವರಿಗೆ 150 ಗ್ರಾಂ. ಸಣ್ಣವರು 100, ದೊಡ್ಡವರು 80 ಇರುವ ಶಾಲೆಯಲ್ಲಿ ದಿನಕ್ಕೆ 22 ಕೆಜಿ ಅಕ್ಕಿ. ಬೆಂದ ಮೇಲೆ ಅದು ಅರವತ್ತು ಕೆಜಿಯ ಹತ್ತಿರ ಬರುತ್ತದೆ. ಮೇಲೆ ಸಾಂಬಾರು, ಹಾಲು, ಮೊಟ್ಟೆ. ಕೇಂದ್ರದ ಲೆಕ್ಕದಲ್ಲಿ ಇಷ್ಟು ಮಕ್ಕಳಿಗೆ ಅಡುಗೆಯವರು ಮೂವರು. ಬೆಂದದ್ದನ್ನು ಒಲೆಯಿಂದ ಇಳಿಸುವುದು, ಬಸಿಯುವುದು, ಸಾಲಿನತ್ತ ಒಯ್ಯುವುದು ಎಲ್ಲ ಇದೇ ಮೂವರ ತೋಳಿನ ಮೇಲೆ.

ಕೂಲಿಯ ಮಾತು ಇನ್ನೂ ಕಹಿ. ಅದನ್ನು ಕೂಲಿ ಅನ್ನುವ ಹಾಗೂ ಇಲ್ಲ, ಗೌರವಧನ ಅನ್ನಬೇಕು. ಕೇಂದ್ರ 2009ರಲ್ಲಿ ತಿಂಗಳಿಗೆ 1,000 ರೂಪಾಯಿ, ವರ್ಷಕ್ಕೆ ಹತ್ತು ತಿಂಗಳು ಎಂದು ನಿಗದಿ ಮಾಡಿತು. ಅದರ ಮೇಲೆ ರಾಜ್ಯ ತನ್ನ ಕೈಯಿಂದ ಸೇರಿಸಿ ಕೊಡುತ್ತಾ ಬಂದಿದೆ. ಅದನ್ನು ಹೆಚ್ಚಿಸಿ ಎಂದು ಈ ಹೆಂಗಸರು ರೈಲು ಹತ್ತಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹೋಗಿ ಕೂತು ಬಂದಿದ್ದಾರೆ, ಒಂದು ಸಲವಲ್ಲ. ಅಕ್ಷರ ದಾಸೋಹ 2002ರಲ್ಲಿ ಮೊದಲು ಶುರುವಾದದ್ದು ನಮ್ಮ ಈ ಭಾಗದ ಏಳು ಜಿಲ್ಲೆಗಳಲ್ಲಿ. ಅಂದು ಕೆಲಸಕ್ಕೆ ಸೇರಿದವರಲ್ಲಿ ಕೆಲವರು ಈಗ ತಲೆ ನರೆತು, ತಾವು ಬಡಿಸಿದ ಮಕ್ಕಳ ಮಕ್ಕಳಿಗೆ ಬಡಿಸುತ್ತಿದ್ದಾರೆ.

ಇನ್ನು ಹೊಲಿಗೆಯ ವಿಚಾರ. ನಮ್ಮ ಅವ್ವ ಊರಿನ ಟೇಲರ್. ಸಿಂಗರ್ ಮಷಿನ್ ಮೇಲೆ ಜಂಪರ್, ಲಂಗ, ಶಾಲೆಯ ಸಮವಸ್ತ್ರ ಹೊಲಿದು ನಮ್ಮನ್ನು ಡಿಪ್ಲೊಮಾ ಓದಿಸಿದವಳು. ಹುಕ್ಕು ಹಚ್ಚುವುದು, ಕಾಜಾ ಹೊಲಿಯುವುದು ನಾವು ಬರಹಕ್ಕಿಂತ ಮೊದಲು ಕಲಿತ ವಿದ್ಯೆ. ಆ ಅಕ್ಕ ಕೆಲಸಕ್ಕೆ ಮರಳಿದಳೆಂದು ಗೊತ್ತಾದ ಮೇಲೆ, ಅವ್ವಗೆ ಹೇಳಿದೆವು, ಒಂದು ಏಪ್ರನ್ ಹೊಲಿದು ಕೊಡೋಣ ಅಂತ. ಅವ್ವ ಕೇಳಿದ ಮೊದಲ ಪ್ರಶ್ನೆ, "ಅಳತಿ ಎಲ್ಲೈತಿ?"

ಇಲ್ಲಿ ಒಂದು ಮಾತು ಮುಚ್ಚಿಡದೆ ಹೇಳಬೇಕು. ನಮ್ಮೂರಲ್ಲಿ ಟೇಲರ್ ಹತ್ತಿರ ಬರುವ ಎಲ್ಲರ ಮೈಗೂ ಟೇಪು ಹಿಡಿಯುವುದಿಲ್ಲ. ಕೇರಿಯ ಹೆಂಗಸರು ಹಳೇ ಜಂಪರ್ ತಂದು ಕಟ್ಟೆಯ ಮೇಲೆ ಇಟ್ಟು ಹೋಗುತ್ತಾರೆ. ಅದಕ್ಕೆ ಅಳತೆ ಜಂಪರ್ ಅನ್ನುತ್ತಾರೆ. ಅದನ್ನು ಹಾಸಿ ಅಳೆದು ಹೊಸದನ್ನು ಹೊಲಿಯುವುದು. ಎಲ್ಲ ಜಾತಿಯವರೂ ಅಳತೆ ಜಂಪರ್ ಕೊಡುತ್ತಾರೆ, ಆದರೆ ಯಾರಿಗೆ ಅದು ಅನುಕೂಲ, ಯಾರಿಗೆ ಅದು ಕಡ್ಡಾಯ ಎಂಬುದು ಊರಿಗೆಲ್ಲ ಗೊತ್ತು. ನಮ್ಮ ಅವ್ವನೂ ಅದೇ ರೂಢಿಯಲ್ಲಿ ನಲವತ್ತು ವರ್ಷ ಮಷಿನ್ ತುಳಿದವಳು. ಈ ಅಡುಗೆ ಅಕ್ಕ ಕೇರಿಯವಳು.

ಅಕ್ಕನೇ ಶುರು ಮಾಡಿದಳು. "ನಂದೊಂದು ಹಳೇ ಜಂಪರ್ ಕೊಡ್ತೀನ್ರಿ ಯವ್ವಾ, ಅದರ ಮ್ಯಾಲೆ ಅಳತಿ ತಗೋರಿ."

"ಜಂಪರ್ ಅಳತಿ ಏಪ್ರನ್‌ಗೆ ಬರೂದಿಲ್ಲ ಬೇ. ನಿಂದ್ರು ಇಲ್ಲಿ," ಎಂದು ಅವ್ವ ಟೇಪು ಹಿಡಿದು ಎದೆಯ ಮೇಲಿಂದ ಮೊಣಕಾಲ ಕೆಳಗಿನವರೆಗೆ ಅಳೆದಳು. ಆಮೇಲೆ ಸೊಂಟದ ಸುತ್ತು. ಸುಟ್ಟ ಕಡೆ ಇನ್ನೂ ನೋವಿದೆಯಾ ಎಂದು ಕೇಳಿ ಅಲ್ಲಿ ಟೇಪು ಸಡಿಲು ಹಿಡಿದಳು. ಅವ್ವ ದೊಡ್ಡ ಸುಧಾರಕಿಯೇನಲ್ಲ. ಏಪ್ರನ್‌ಗೆ ಜಂಪರ್ ಅಳತೆ ಸಾಲದು, ಅಷ್ಟೇ. ಆದರೆ ಆ ದಿನ ನಾವು ಚೀಟಿಯಲ್ಲಿ ಇಂಚು ಬರೆದುಕೊಳ್ಳುತ್ತ ನಿಂತಾಗ, ಅಕ್ಕ ಕೈ ಎತ್ತಿ ಎಲ್ಲಿಡಬೇಕೆಂದು ತಿಳಿಯದೆ ಗಾಳಿಯಲ್ಲೇ ಹಿಡಿದು ನಿಂತದ್ದು ಕಣ್ಣಿಗೆ ಕಟ್ಟಿದೆ.

ಹೊಲಿದೇ ಕೊಡಿ ಎಂದು ನಾವು ಹಟ ಹಿಡಿಯುವುದು ಇದಕ್ಕೇ. ಅಂಗಡಿಯ ಏಪ್ರನ್ ಕೊಡಲು ಆ ಅಕ್ಕನ ಹತ್ತಿರ ಹೋಗಬೇಕಿಲ್ಲ. ಹೊಲಿಯಬೇಕೆಂದರೆ ಹೋಗಲೇಬೇಕು, ಅಳೆಯಲೇಬೇಕು, ಏನು ಬೇಕೆಂದು ಕೇಳಲೇಬೇಕು. ಅಡುಗೆಯವಳ ಜಾತಿ ಕೇಳಿ ಮಕ್ಕಳನ್ನು ಊಟದ ಸಾಲಿನಿಂದ ಎಬ್ಬಿಸಿಕೊಂಡು ಹೋದ ಸುದ್ದಿಗಳು ನಮ್ಮ ರಾಜ್ಯದಿಂದಲೂ ಬಂದಿವೆ. ಅಂಥ ಸುದ್ದಿ ಬಂದಾಗ ನಾವೆಲ್ಲ ಫೇಸ್‌ಬುಕ್ಕಿನಲ್ಲಿ ಬರೆಯುತ್ತೇವೆ. ಅದಕ್ಕೂ ಮುಂಚೆ ಟೇಪು ಹಿಡಿದು ಹೋಗುವುದು ಸುಲಭ.

ಬಟ್ಟೆಯ ವಿಚಾರ ಸ್ವಲ್ಪ ವಿವರವಾಗಿ ಹೇಳುತ್ತೇವೆ, ಮನೆಯಲ್ಲಿ ಮಷಿನ್ ಇದ್ದವರು ಗಮನಿಸಿ.

ದಪ್ಪ ಹತ್ತಿ ಬಟ್ಟೆಯೇ ಬೇಕು. ಸಂತೆಯಲ್ಲಿ ಹತ್ತಿ ಎಂದು ಹೇಳಿ ಬೆರಕೆ ಕೊಡುತ್ತಾರೆ. ಅಂಚಿನಿಂದ ಒಂದು ಎಳೆ ಕಿತ್ತು ಕಡ್ಡಿ ಗೀರಿ ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಬೂದಿ. ಪಾಲಿಯೆಸ್ಟರಾದರೆ ತುದಿಯಲ್ಲಿ ಗಟ್ಟಿ ಮಣಿ ಕಟ್ಟುತ್ತದೆ. ನಮಗೆ 44 ಇಂಚು ಅಗಲದ ಬಟ್ಟೆ ಮೀಟರಿಗೆ 110 ರೂಪಾಯಿಯಂತೆ ಸಿಕ್ಕಿತು. ಒಬ್ಬರಿಗೆ ಒಂದು ಮೀಟರ್ ಹತ್ತು ಸೆಂಟಿಮೀಟರ್ ತೆಗೆದುಕೊಳ್ಳಿ. ತಂದ ತಕ್ಷಣ ಕತ್ತರಿ ಹಾಕಬೇಡಿ. ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ, ಒಣಗಿಸಿ, ಇಸ್ತ್ರಿ ಮಾಡಿ. ಹತ್ತಿ ಕುಗ್ಗುತ್ತದೆ. ಕುಗ್ಗುವುದು ಹೊಲಿಯುವ ಮೊದಲೇ ಆಗಲಿ.

ಅಳತೆ ಆಳಿನಿಂದ ಆಳಿಗೆ ಬೇರೆ. ನಾವು ಹೊಲಿದದ್ದು ಉದ್ದ 36 ಇಂಚು, ಸೊಂಟದ ಹತ್ತಿರ ಅಗಲ 30, ಎದೆಯ ಮೇಲೆ 10. ಮೇಲಿನ ಎರಡೂ ಮೂಲೆಗಳನ್ನು ಕಂಕುಳಿನ ಹಾಗೆ ಒಳಕ್ಕೆ ಬಾಗಿಸಿ ಕತ್ತರಿಸಬೇಕು. ಪಕ್ಕದಲ್ಲಿ ಉಳಿಯುವ ಹತ್ತಿಂಚಿನ ಬಟ್ಟೆಯನ್ನು ಎಸೆಯಬೇಡಿ, ಅದರಲ್ಲಿ ಎರಡೂವರೆ ಇಂಚು ಅಗಲದ ನಾಲ್ಕು ಪಟ್ಟಿ ಬರುತ್ತವೆ. ಎರಡೆರಡನ್ನು ಜೋಡಿಸಿದರೆ ಎರಡು ಉದ್ದನೆಯ ಕಸಿ.

ಈ ಕಸಿಯ ವಿಷಯದಲ್ಲಿ ಅವ್ವನ ತಲೆ ಓಡಿದ್ದು. ಕುತ್ತಿಗೆಗೆ ಹಾಕುವ ಪಟ್ಟಿ ಬೇಡ ಅಂದಳು. ಒದ್ದೆ ಬಟ್ಟೆಯ ಭಾರವೆಲ್ಲ ಕುತ್ತಿಗೆಗೆ ಬೀಳುತ್ತದೆ, ದಿನಕ್ಕೆ ಐದು ತಾಸು ಬಗ್ಗಿ ನಿಲ್ಲುವವರಿಗೆ ಅದು ಶಿಕ್ಷೆ. ಎದೆಯ ಎರಡು ಮೂಲೆಗೆ ಒಂದೊಂದು ಕಸಿ ಹೊಲಿದು, ಭುಜದ ಮೇಲಿಂದ ಬೆನ್ನಿಗೆ ತಂದು, ಅಲ್ಲಿ ಒಂದರ ಮೇಲೊಂದು ಅಡ್ಡ ಹಾಯಿಸಿ, ಸೊಂಟದ ಎರಡೂ ಬದಿಗೆ ಹೊಲಿದ ಬಟ್ಟೆಯ ಕುಣಿಕೆಯಲ್ಲಿ ತೂರಿಸಿ, ಮುಂದೆ ಹೊಟ್ಟೆಯ ಮೇಲೆ ಜಾರುಗಂಟು ಹಾಕುವುದು. ದಪ್ಪಗಿದ್ದವರಿಗೂ ಹೊಂದುತ್ತದೆ, ಕಡ್ಡಿಯಂತಿದ್ದವರಿಗೂ ಹೊಂದುತ್ತದೆ. ಮುಖ್ಯ ಏನೆಂದರೆ ಗಂಟು ಮುಂದೆ ಇರುತ್ತದೆ. ಕುದಿಯುವುದು ಮೈಮೇಲೆ ಬಿದ್ದರೆ ತುದಿ ಎಳೆದರೆ ಸಾಕು, ಇಡೀ ಏಪ್ರನ್ ಸಡಿಲು. ದಪ್ಪ ಬಟ್ಟೆ ಬಿಸಿಯನ್ನು ಕೆಲವು ಕ್ಷಣ ತಡೆಯುತ್ತದೆ, ಆದರೆ ನೆನೆದ ಮೇಲೆ ಅದೇ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಬೇಗ ಕಳಚುವಂತಿರಬೇಕು. ಬೆನ್ನ ಹಿಂದೆ ಬಿಗಿ ಗಂಟು ಹಾಕುವ ಏಪ್ರನ್ ಈ ಲೆಕ್ಕದಲ್ಲಿ ಅಪಾಯ.

ಇದೇ ಮಾತಿಗೆ ಇನ್ನೊಂದು ಸೇರಿಸುತ್ತೇವೆ. ಸುಟ್ಟರೆ ಟೂತ್‌ಪೇಸ್ಟ್ ಬೇಡ, ಮಸಿ ಬೇಡ, ಹಿಟ್ಟು ಬೇಡ, ಐಸ್ ಕೂಡ ಬೇಡ. ಬಿಸಿಯಾದ ಬಟ್ಟೆ ತೆಗೆದು (ಚರ್ಮಕ್ಕೆ ಅಂಟಿದ್ದರೆ ಕೀಳಬೇಡಿ) ನಲ್ಲಿಯ ತಣ್ಣೀರು ಇಪ್ಪತ್ತು ನಿಮಿಷ ಹರಿಸಿ, 108ಕ್ಕೆ ಫೋನ್ ಮಾಡಿ.

ಕಂಕುಳಿನಲ್ಲಿ ಕತ್ತರಿಸಿದ ಎರಡು ತುಂಡು ಉಳಿದಿರುತ್ತವಲ್ಲ, ಒಂದರಲ್ಲಿ ಕಿಸೆ ಬರುತ್ತದೆ. ಕಿಸೆ ಎಲ್ಲಿರಬೇಕೆಂದು ಅಕ್ಕನನ್ನೇ ಕೇಳಿದೆವು. ಮೊಬೈಲ್ ಇಡಲು ಕೇಳುತ್ತಾಳೆ ಅಂದುಕೊಂಡಿದ್ದೆವು. ಆಕೆ ಕೇಳಿದ್ದು ಚಾಳೀಸು ಇಡಲು. ಅಕ್ಕಿಯಲ್ಲಿ ಕಲ್ಲು ಆರಿಸಲು ಬೇಕು, ಒಲೆಯ ಮುಂದೆ ಹಾಕಿಕೊಂಡರೆ ಹಬೆ ಹಿಡಿಯುತ್ತದೆ, ಕಟ್ಟೆಯ ಮೇಲೆ ಇಟ್ಟರೆ ಯಾರೋ ಕೂತು ಮುರಿಯುತ್ತಾರೆ. ಈಗಾಗಲೇ ಎರಡು ಮುರಿದಿವೆಯಂತೆ. ಎದೆಯ ಎಡಕ್ಕೆ ಉದ್ದನೆಯ ಕಿಸೆ ಆಯಿತು. ಇನ್ನೊಂದು ತುಂಡನ್ನು ಮೇಲೆ ಕೆಳಗೆ ಇಟ್ಟು, ನಡುವೆ ಹಳೇ ಹತ್ತಿ ಸೀರೆಯ ನಾಲ್ಕು ಮಡಿಕೆ ಸೇರಿಸಿ, ಕೌದಿಯ ಹಾಗೆ ಒತ್ತೊತ್ತಾಗಿ ಟಾಕಿ ಹಾಕಿ ಡಬರಿ ಹಿಡಿಯುವ ಮಸಿ ಅರಿವೆ ಮಾಡಿದೆವು. ಇದನ್ನು ಕೈಯಿಂದಲೇ ಹೊಲಿಯಬಹುದು, ಮಷಿನ್ ಬೇಕಿಲ್ಲ.

ಕೌದಿ ಅಂದದ್ದಕ್ಕೆ ನೆನಪಾಯಿತು. ಹೊಲಿದು ಕೊಡುವುದು ನಮಗೇನೂ ಹೊಸದಲ್ಲ. ಮೊಮ್ಮಗು ಹುಟ್ಟಿದರೆ ಅಜ್ಜಿ ಹಳೇ ಸೀರೆಗಳನ್ನು ಹರಿದು ಕೌದಿ ಹೊಲಿಯುತ್ತಾಳೆ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರ ಕೌದಿಗಳನ್ನು ಈಗ ಪಟ್ಟಣದವರು ಗೋಡೆಗೆ ತೂಗುಹಾಕುತ್ತಾರೆ. ಕೌದಿಗೆ ಯಾರೂ ದಾನಿಗಳ ಹೆಸರು ಬರೆಸುವುದಿಲ್ಲ. ಹೊದ್ದ ಮಗುವಿಗೆ ಯಾರ ಸೀರೆ ಯಾವುದೆಂದು ಗೊತ್ತಿರುತ್ತದೆ.

ನಮ್ಮ ಮಾತಿಗೆ ತಕರಾರು ಇದ್ದೇ ಇದೆ. ಅಡುಗೆಯವರ ಸಂಘದಲ್ಲಿರುವ ಪರಿಚಯದ ಒಬ್ಬರು ಮುಖಕ್ಕೇ ಹೇಳಿದರು: "ಸರ್ಕಾರ ಮಾಡಬೇಕಾದ್ದನ್ನ ನೀವು ಮಾಡಿದ್ರ, ಅವರು ಆರಾಮಾಗಿ ಮಲಗ್ತಾರ. ಇವತ್ತು ಏಪ್ರನ್, ನಾಳೆ ಸೌದಿ, ನಾಡಿದ್ದು ಉಪ್ಪು." ಈ ಮಾತಿನಲ್ಲಿ ಸತ್ಯವಿದೆ, ಅಲ್ಲಗಳೆಯುವುದಿಲ್ಲ. ಆದರೆ ಏಪ್ರನ್ ಕೊಟ್ಟದ್ದರಿಂದ ಕೇಳುವ ಹಕ್ಕು ಹೋಗುತ್ತದೆ ಎಂದು ನಮಗೆ ಅನ್ನಿಸುವುದಿಲ್ಲ. ನಾವು ಹೊಲಿದ ಏಪ್ರನ್ ಜೊತೆಗೆ ಒಂದು ಅರ್ಜಿಯನ್ನೂ ಬರೆದೆವು. ಹತ್ತಿ ಬಟ್ಟೆ, ಆಳಿನ ಅಳತೆ, ಒಬ್ಬರಿಗೆ ಎರಡು, ಇಷ್ಟೇ ಮೂರು ಸಾಲು. ಎಸ್‌ಡಿಎಂಸಿ ಸಭೆಯಲ್ಲಿ ಅದನ್ನು ಓದಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿ ತಾಲ್ಲೂಕಿಗೆ ಕಳಿಸಿದ್ದಾರೆ. ನೀವೂ ಹಾಗೇ ಮಾಡಿ. ಬರೀ ಏಪ್ರನ್ ಕೊಟ್ಟು ಫೋಟೊ ಹಿಡಿಸಿಕೊಂಡು ಬಂದರೆ ಸಂಘದವರ ಮಾತೇ ನಿಜವಾಗುತ್ತದೆ.

ಫೋಟೊ ಬಗ್ಗೆ ನಾವು ಮೊದಲೇ ನಿರ್ಧರಿಸಿದ್ದೆವು, ಹಿಡಿಯಬಾರದು ಅಂತ. ವರದಿಗಾರರಾಗಿ ಇದು ಕಷ್ಟದ ಕೆಲಸ, ಕೈ ತುರಿಸುತ್ತದೆ. ಒಂದು ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಹೋಗಿ ಅಡುಗೆ ಕೋಣೆಯಲ್ಲೇ ಕೊಟ್ಟೆವು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೇಲೆ ಏಪ್ರನ್ ತೊಟ್ಟು, ಕಸಿ ಹಾಯಿಸುವುದು ಒಂದೇ ಸಲಕ್ಕೆ ಕಲಿತಳು. ಗಂಟು ಎಳೆದು ನೋಡಿದಳು, ಬಿಚ್ಚಿತು. ಮತ್ತೆ ಕಟ್ಟಿದಳು. ಚಾಳೀಸು ಕಿಸೆಗೆ ಇಟ್ಟು ಬಗ್ಗಿ ನೋಡಿದಳು, ಬೀಳಲಿಲ್ಲ.

ಬೆಲ್ ಹೊಡೆದು ಮಕ್ಕಳು ತಟ್ಟೆ ಹಿಡಿದು ಬಂದಾಗ ಒಬ್ಬ ಹುಡುಗ ಕೇಳಿದ: "ಅಕ್ಕಾ, ಇವತ್ತು ಸಾಹೇಬ್ರು ಬರ್ತಾರೇನು?"

"ಇಲ್ಲಪಾ, ಯಾರೂ ಬರೂದಿಲ್ಲ," ಎಂದು ಆಕೆ ಸಾಂಬಾರು ಹಾಕಿದಳು.

ಮಕ್ಕಳ ಸಾಲು ಮುಗಿದ ಮೇಲೆ ನಾವು ಹೊರಟೆವು. ಅಕ್ಕ ಗೇಟಿನವರೆಗೆ ಬಂದಳು. "ಏಪ್ರನ್ ಕೊಟ್ರಿ, ಛಲೋ ಆತು. ಪೇಪರ್‌ನವರ, ಪಗಾರದ್ದೂ ಒಂದೀಟು ಬರೀರಿ. ಬರೋದ ತಡಾ ಆಗಾಕತ್ತೈತಿ." ಹ್ಞೂಂ ಅಂದೆವು. ಈ ಸಲ ಮೂರು ಸಾಲಿಗೆ ಇಳಿಯದ ಹಾಗೆ ಬರೆಯಬೇಕು, ಅದಕ್ಕೆ ತಾಲ್ಲೂಕಿನ ನಾಲ್ಕು ಶಾಲೆಗಳಿಗೆ ಹೋಗಿ ತಿಂಗಳು, ತಾರೀಖು ಬರೆದುಕೊಳ್ಳುತ್ತಿದ್ದೇವೆ.

ಸಹಾಯಕಿಯರಿಬ್ಬರ ಅಳತೆಯೂ ಚೀಟಿಯಲ್ಲಿದೆ. ಮುಖ್ಯ ಅಡುಗೆಯವಳಿಗೆ ಇನ್ನೊಂದು ಬೇಕು, ಒಂದು ಒಗೆದು ಹಾಕಿದ ದಿನ ಇನ್ನೊಂದು ತೊಡಲು. ಮೂರು ಏಪ್ರನ್‌ನ ಬಟ್ಟೆ ನಿನ್ನೆ ರಾತ್ರಿಯಿಂದ ನಮ್ಮ ಹಿತ್ತಲಿನ ಬಕೆಟ್ಟಿನಲ್ಲಿ ನೆನೆಯುತ್ತಿದೆ.